ಸತ್ತ ಹಸು, ನೋವಿನ ಇಂಜೆಕ್ಷನ್ ಮತ್ತು ಬೆಟ್ಟದ ರಣಹದ್ದು

ಪ್ರಶ್ನೆ: ನಮ್ಮದು ರಾಮನಗರದ ರಾಮದೇವರಬೆಟ್ಟಕ್ಕೆ ಆರೇಳು ಕಿಲೋಮೀಟರ್ ದೂರದ ಹಳ್ಳಿ. ನಾಲ್ಕು ಎಚ್‌ಎಫ್ ತಳಿಯ ಹಸುಗಳಿವೆ, ಡೇರಿಗೆ ಹಾಲು ಹಾಕಿಯೇ ಜೀವನ. ಕಳೆದ ತಿಂಗಳು ಮೂರನೇ ಸೂಲಿನ ಹಸುವೊಂದು ಕರು ಹಾಕಿದ ಮರುದಿನ ಮಲಗಿದ್ದು ಮೇಲೇಳಲಿಲ್ಲ. ಕಿವಿ ತಣ್ಣಗಾಗಿತ್ತು, ಕತ್ತನ್ನು ಪಕ್ಕೆಯ ಕಡೆಗೆ ಹೊರಳಿಸಿಕೊಂಡಿತ್ತು. ಡಾಕ್ಟರು ಸಿಗದ ಕಾರಣ ಪಕ್ಕದ ಊರಿನಲ್ಲಿ ದನಗಳಿಗೆ ಸೂಜಿ ಹಾಕುವವರೊಬ್ಬರನ್ನು ಕರೆಸಿದೆವು. ಅವರು ಮೆಡಿಕಲ್ ಅಂಗಡಿಯಿಂದ ಪುಟ್ಟ ಸೀಸೆಗಳನ್ನು ತರಿಸಿ, ಐದಾರು ಸೀಸೆಯ ಮದ್ದನ್ನು ಒಟ್ಟಿಗೆ ಎಳೆದು ಸಂಜೆ ಚುಚ್ಚಿದರು. ಬೆಳಗಿನ ಜಾವ ಹಸು ಸತ್ತಿತ್ತು. ಬೆಟ್ಟದ ಬುಡಕ್ಕೆ ಸಾಗಿಸಿದರೆ ರಣಹದ್ದುಗಳಿಗಾದರೂ ಆಹಾರವಾಗುತ್ತದೆ, ಹಿಂದೆಲ್ಲ ಹಾಗೆಯೇ ಮಾಡುತ್ತಿದ್ದೆವು ಎಂದು ನಮ್ಮ ತಂದೆ ಹೇಳಿದರು. ಎಂಟನೇ ತರಗತಿಯ ನನ್ನ ಮಗ, ನೋವಿನ ಇಂಜೆಕ್ಷನ್ ಕೊಟ್ಟ ದನವನ್ನು ತಿಂದರೆ ರಣಹದ್ದು ಸಾಯುತ್ತದೆಂದು ಮೇಷ್ಟ್ರು ಹೇಳಿದ್ದಾರೆ ಎಂದು ಹಟ ಹಿಡಿದ. ಕೊನೆಗೆ ಜೆಸಿಬಿ ತರಿಸಿ ಹೂತೆವು. ನಾವು ಮಾಡಿದ್ದು ಸರಿಯೇ? ಹಸು ಸತ್ತಿದ್ದು ಆ ಮದ್ದಿನಿಂದಲೇ? ರಣಹದ್ದು ರೋಗ ಹರಡುತ್ತದೆ, ಮನೆಯ ಮೇಲೆ ಕೂತರೆ ಅಪಶಕುನ ಎಂದು ಅಕ್ಕಪಕ್ಕದವರು ಹೇಳುವುದರಲ್ಲಿ ಹುರುಳಿದೆಯೇ? ಇನ್ನು ಮುಂದೆ ದನಕ್ಕೆ ನೋವಿನ ಮದ್ದನ್ನೇ ಕೊಡಬಾರದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮನೆಗೆ ಅನ್ನ ಕೊಡುತ್ತಿದ್ದ ಹಸು ಹೋದ ದುಃಖ ಒಂದು, ಅದರ ಸಾವು ಇನ್ನೊಂದು ಜೀವಕ್ಕೆ ಮುಳುವಾಗುತ್ತಿತ್ತೇ ಎಂಬ ಅಳುಕು ಇನ್ನೊಂದು. ಹೂಳುವ ನಿರ್ಧಾರ ಸರಿಯಾಗಿಯೇ ಇತ್ತು. ನಿಮ್ಮ ಮಗ ಹೇಳಿದ ಮಾತು ನಿಜ. ನಿಮ್ಮ ತಂದೆಯ ಮಾತೂ ಅವರ ಕಾಲಕ್ಕೆ ಅಷ್ಟೇ ನಿಜವಾಗಿತ್ತು. ಆ ಎರಡು ತಲೆಮಾರುಗಳ ನಡುವೆ ನಮ್ಮ ಕೊಟ್ಟಿಗೆಗಳಿಗೆ ಒಂದು ಔಷಧ ಬಂದು ಸೇರಿತು, ಅಷ್ಟೇ.

ಮೊದಲು ಹಸುವಿನ ವಿಷಯ. ಹೆಚ್ಚು ಹಾಲು ಕೊಡುವ, ಮೂರನೇ ಸೂಲಿನ ಅಥವಾ ಅದರಾಚೆಯ ಹಸು ಕರು ಹಾಕಿದ ಒಂದೆರಡು ದಿನದಲ್ಲಿ ಮಲಗಿ, ಕಿವಿ ಮತ್ತು ಕಾಲು ತಣ್ಣಗಾಗಿ, ಕತ್ತನ್ನು ಪಕ್ಕೆಗೆ ಹೊರಳಿಸಿಕೊಂಡಿತೆಂದರೆ ಪಶುವೈದ್ಯನ ಮನಸ್ಸಿಗೆ ಮೊದಲು ಬರುವುದು ಮಿಲ್ಕ್ ಫೀವರ್. ಹೆಸರಿನಲ್ಲಿ ಜ್ವರವಿದ್ದರೂ ಇದರಲ್ಲಿ ಮೈ ಬಿಸಿ ಏರುವುದಿಲ್ಲ, ಬದಲಾಗಿ ಇಳಿಯುತ್ತದೆ. ಕೆಚ್ಚಲು ಇದ್ದಕ್ಕಿದ್ದಂತೆ ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುವುದರಿಂದ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ, ಕೊನೆಗೆ ಹೃದಯವೂ ಸೋಲುತ್ತದೆ. ಇದಕ್ಕಿರುವ ಮದ್ದು ರಕ್ತನಾಳಕ್ಕೆ ನಿಧಾನವಾಗಿ ಹರಿಸುವ ಕ್ಯಾಲ್ಸಿಯಂ. ಸಕಾಲದಲ್ಲಿ ಕೊಟ್ಟರೆ ಬಾಟಲಿ ಮುಗಿಯುವಷ್ಟರಲ್ಲಿ ತೇಗಿ, ಸಗಣಿ ಹಾಕಿ ಎದ್ದು ನಿಂತ ಹಸುಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕಣ್ಣಾರೆ ನೋಡದ ಹಸುವಿನ ಬಗ್ಗೆ ಖಚಿತ ತೀರ್ಮಾನ ಕೊಡುವುದು ತಪ್ಪಾದೀತು, ಆದರೆ ನೀವು ಬರೆದಿರುವ ಲಕ್ಷಣಗಳೆಲ್ಲ ಅದರತ್ತಲೇ ಬೆರಳು ತೋರಿಸುತ್ತವೆ. ಹಾಗಿದ್ದಲ್ಲಿ ನೋವಿನ ಇಂಜೆಕ್ಷನ್ ಹಸುವನ್ನು ಕೊಲ್ಲಲಿಲ್ಲ, ಉಳಿಸಲೂ ಇಲ್ಲ. ಕ್ಯಾಲ್ಸಿಯಂ ಕೊಡಬೇಕಾಗಿದ್ದ ಅಮೂಲ್ಯವಾದ ಕೆಲವು ಗಂಟೆಗಳು ಅದರಿಂದಾಗಿ ಕೈತಪ್ಪಿದವು.

ಇನ್ನು ಆ ಪುಟ್ಟ ಸೀಸೆಗಳು. ಮನುಷ್ಯರಿಗೆಂದು ಮಾರುವ ಡೈಕ್ಲೋಫೆನಾಕ್ ಎಂಬ ನೋವಿನ ಇಂಜೆಕ್ಷನ್ 3 ಮಿಲಿಲೀಟರ್‌ನ ಸೀಸೆಯಲ್ಲಿ ಬರುತ್ತದೆ, ಅದರಲ್ಲಿ ಸಾಮಾನ್ಯವಾಗಿ 75 ಮಿಲಿಗ್ರಾಂ ಮದ್ದಿರುತ್ತದೆ. 400 ಕಿಲೋ ತೂಗುವ ಹಸುವಿಗೆ ಅಂಥ ಐದಾರು ಸೀಸೆ ಬೇಕಾಗುತ್ತದೆ. ನೀವು ಬರೆದಿರುವ ಲೆಕ್ಕ ಇದಕ್ಕೆ ತಾಳೆಯಾಗುವುದರಿಂದ ಅದು ಡೈಕ್ಲೋಫೆನಾಕ್ ಇದ್ದಿರಬಹುದೆಂದು ನನ್ನ ಅನುಮಾನ. ಖಾಲಿ ಸೀಸೆ ಇನ್ನೂ ಕೊಟ್ಟಿಗೆಯ ಮೂಲೆಯಲ್ಲಿದ್ದರೆ ಅದರ ಮೇಲಿನ ಸಣ್ಣ ಅಕ್ಷರಗಳನ್ನು ನಿಮ್ಮ ಮಗನಿಂದ ಓದಿಸಿ ನೋಡಿ. ಕಂಪನಿ ಇಟ್ಟ ದೊಡ್ಡ ಹೆಸರಿನ ಕೆಳಗೆ ಔಷಧದ ನಿಜವಾದ ಹೆಸರು ಇರುತ್ತದೆ.

ಈ ಮದ್ದು ಹಸುವಿನಲ್ಲಿ ನೋವು, ಬಾವು ಇಳಿಸುತ್ತದೆ, ನಾಯಿ ಅಂಥ ಮಾಂಸವನ್ನು ತಿಂದರೂ ಅದಕ್ಕೆ ಏನೂ ಆದಂತೆ ಕಾಣುವುದಿಲ್ಲ. ರಣಹದ್ದಿಗೆ ಮಾತ್ರ ಅದು ನೇರ ವಿಷ. ಹಕ್ಕಿಗಳು ನಮ್ಮಂತೆ ಮೂತ್ರ ಮಾಡುವುದಿಲ್ಲ, ದೇಹದ ಸಾರಜನಕದ ಕಸವನ್ನು ಯೂರಿಕ್ ಆಮ್ಲವಾಗಿ, ಬಿಳಿಯ ಹಿಕ್ಕೆಯ ರೂಪದಲ್ಲಿ ಹೊರಹಾಕುತ್ತವೆ. ಆ ಕೆಲಸ ಮಾಡುವ ಮೂತ್ರಪಿಂಡವನ್ನೇ ಡೈಕ್ಲೋಫೆನಾಕ್ ಹಾಳು ಮಾಡುತ್ತದೆ. ಹೊರಹೋಗದ ಯೂರಿಕ್ ಆಮ್ಲ ರಕ್ತದಲ್ಲಿ ತುಂಬಿ, ಒಳಗಿನ ಅಂಗಗಳ ಮೇಲೆ ಹರಳುಗಟ್ಟುತ್ತದೆ. ಹಕ್ಕಿ ಜೋಲು ಕತ್ತಿನಿಂದ ಮಂಕಾಗಿ ಕೂತು, ಎರಡು ದಿನದ ಆಸುಪಾಸಿನಲ್ಲಿ ಸಾಯುತ್ತದೆ. ಐದು ಕಿಲೋ ತೂಕದ ರಣಹದ್ದನ್ನು ಕೊಲ್ಲಲು ಒಂದು ಮಿಲಿಗ್ರಾಂನ ಆಸುಪಾಸಿನಷ್ಟು ಮದ್ದು ಸಾಕು. ಒಂದು ಸೀಸೆಯಲ್ಲಿ 75 ಮಿಲಿಗ್ರಾಂ ಇರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಹಸು ಇಂಜೆಕ್ಷನ್ ಪಡೆದ ರಾತ್ರಿಯೇ ಸತ್ತಿತು, ಎಂದರೆ ಮದ್ದು ಅದರ ಮೈಯಲ್ಲಿ, ವಿಶೇಷವಾಗಿ ಈಲಿ, ಮೂತ್ರಪಿಂಡ ಮತ್ತು ಸೂಜಿ ಚುಚ್ಚಿದ ಜಾಗದ ಮಾಂಸದಲ್ಲಿ, ಇನ್ನೂ ತುಂಬಿಕೊಂಡಿತ್ತು. ರಣಹದ್ದುಗಳು ಕಳೇಬರದಲ್ಲಿ ಆಸೆಪಟ್ಟು ತಿನ್ನುವುದು ಈ ಮೆತ್ತನೆಯ ಒಳಭಾಗಗಳನ್ನೇ.

ಸೇವೆಗೆ ಸೇರಿದ ಕೆಲವು ವರ್ಷಗಳಲ್ಲಿ ಸತ್ತ ರಣಹದ್ದೊಂದರ ಶವಪರೀಕ್ಷೆ ಮಾಡುವ ಸಂದರ್ಭ ನನಗೆ ಬಂದಿತ್ತು. ಹೊರಗೆ ಒಂದು ಗಾಯವೂ ಇರಲಿಲ್ಲ, ಎದೆಯ ಮಾಂಸ ಕರಗಿರಲಿಲ್ಲ, ಹಸಿವಿನಿಂದ ಸತ್ತ ಹಕ್ಕಿ ಅದಲ್ಲವೆಂದು ಮುಟ್ಟಿದೊಡನೆ ಗೊತ್ತಾಗುತ್ತಿತ್ತು. ಒಳಗೆ ತೆರೆದಾಗ ಈಲಿಯ ಮೇಲೆ, ಹೃದಯದ ಸುತ್ತಲಿನ ಪೊರೆಯ ಮೇಲೆ, ಯಾರೋ ಸುಣ್ಣದ ಕುಂಚವನ್ನು ಎಳೆದಂತೆ ಬಿಳಿಯ ಪುಡಿ ಹರಡಿತ್ತು. ಬೆರಳಿನಿಂದ ಉಜ್ಜಿದರೆ ಸೀಮೆಸುಣ್ಣದ ಹಾಗೆ ಅಂಟುತ್ತಿತ್ತು. ಅದೇ ವಾರ ನಾನೇ ಎಷ್ಟು ಹಸುಗಳಿಗೆ ಡೈಕ್ಲೋಫೆನಾಕ್ ಕೊಟ್ಟಿದ್ದೆನೆಂದು ಲೆಕ್ಕ ಹಾಕಿದ್ದು ಇನ್ನೂ ನೆನಪಿದೆ. ಆಗ ಅದು ಅಗ್ಗದ, ಬೇಗ ಕೆಲಸ ಮಾಡುವ, ಎಲ್ಲರೂ ಬಳಸುವ ಔಷಧವಾಗಿತ್ತು. ನಾವು ಯಾರೂ ಹಕ್ಕಿಗಳನ್ನು ಕೊಲ್ಲಬೇಕೆಂದು ಕೊಟ್ಟವರಲ್ಲ, ಆದರೆ ಕೊಂದೆವು. ನಿಮ್ಮ ಊರಿನ ಸೂಜಿ ಹಾಕುವವರನ್ನು ಬೈದು ಈ ಉತ್ತರ ಮುಗಿಸಲು ನನಗೆ ಮನಸ್ಸು ಬಾರದಿರುವುದಕ್ಕೆ ಇದೇ ಕಾರಣ.

ದೇಶದಲ್ಲಿ ಇದು ಬೆಳಕಿಗೆ ಬಂದ ಬಗೆ ದೀರ್ಘವಾದದ್ದು. 1980ರ ದಶಕದಲ್ಲಿ ಭಾರತದಲ್ಲಿ ನಾಲ್ಕು ಕೋಟಿ ರಣಹದ್ದುಗಳಿದ್ದವೆಂಬ ಅಂದಾಜಿದೆ. ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಗೂಡುಗಳು ಬರಿದಾಗುತ್ತಿರುವುದನ್ನು, ಹಕ್ಕಿಗಳು ಕತ್ತು ಜೋಲಿಸಿ ಮರದ ಮೇಲೇ ಸಾಯುತ್ತಿರುವುದನ್ನು 1990ರ ದಶಕದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ಗುರುತಿಸಿದರು. ವೈರಾಣು ಇರಬಹುದೇ, ಕೀಟನಾಶಕವೇ ಎಂದು ವರ್ಷಗಟ್ಟಲೆ ಹುಡುಕಾಟ ನಡೆಯಿತು. ಉತ್ತರ ಸಿಕ್ಕಿದ್ದು ಪಾಕಿಸ್ತಾನದ ಪಂಜಾಬಿನಲ್ಲಿ ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನದಿಂದ, 2004ರಲ್ಲಿ. ಮೂತ್ರಪಿಂಡ ಕೆಟ್ಟು ಸತ್ತಿದ್ದ, ಅವರು ಪರೀಕ್ಷಿಸಿದ 25 ಹಕ್ಕಿಗಳಲ್ಲಿ ಇಪ್ಪತ್ತೈದರಲ್ಲೂ ಡೈಕ್ಲೋಫೆನಾಕ್ ಇತ್ತು, ಬೇರೆ ಕಾರಣಕ್ಕೆ ಸತ್ತ 13 ಹಕ್ಕಿಗಳಲ್ಲಿ ಒಂದರಲ್ಲೂ ಇರಲಿಲ್ಲ. ಅಷ್ಟು ಹೊತ್ತಿಗೆ ತಡವಾಗಿತ್ತು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಶೇಕಡಾ 99.9ರಷ್ಟು ನಶಿಸಿತ್ತು. ರಾಮದೇವರಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದಿನ ಜಾತಿಯೂ ಶೇಕಡಾ 97ರ ಸಮೀಪ ಕುಸಿದಿತ್ತು.

ಎಲ್ಲ ದನಗಳಿಗೂ ಈ ಮದ್ದು ಕೊಡುತ್ತಿರಲಿಲ್ಲವಲ್ಲ, ಅಷ್ಟು ಹಕ್ಕಿಗಳು ಸತ್ತಿದ್ದು ಹೇಗೆ ಎಂದು ರೈತರು ನನ್ನನ್ನು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ರಣಹದ್ದು ವಾಸನೆ ಹಿಡಿದು ಬರುವುದಿಲ್ಲ, ಕಣ್ಣಿನಿಂದ ನೋಡಿ ಬರುತ್ತದೆ. ಆಕಾಶದಲ್ಲಿ ಒಂದು ಹಕ್ಕಿ ಕೆಳಗಿಳಿದರೆ ಮೈಲಿಗಳಾಚೆ ಸುತ್ತುತ್ತಿರುವ ಇನ್ನೊಂದು ಅದನ್ನು ಕಂಡು ಹಿಂಬಾಲಿಸುತ್ತದೆ, ಅದರ ಹಿಂದೆ ಮತ್ತೊಂದು. ಹೀಗೆ ಒಂದೇ ಕಳೇಬರದ ಸುತ್ತ ಹತ್ತಾರು, ಆ ಕಾಲದಲ್ಲಿ ನೂರಾರು ಹಕ್ಕಿಗಳು ಸೇರುತ್ತಿದ್ದವು. ಮದ್ದು ತುಂಬಿದ ಒಂದು ಹಸು ಇಡೀ ಹಿಂಡನ್ನು ತೆಗೆಯಬಲ್ಲದು. ನೂರು ಕಳೇಬರಗಳಲ್ಲಿ ಒಂದಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ ಈ ಮದ್ದು ಇದ್ದರೂ ಇಷ್ಟು ದೊಡ್ಡ ಕುಸಿತಕ್ಕೆ ಸಾಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ.

ಸತ್ತದ್ದನ್ನು ತುಂಬಿಕೊಳ್ಳುವ ಶಕ್ತಿಯೂ ಈ ಹಕ್ಕಿಗೆ ಕಡಿಮೆ. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗಂಡು ಹೆಣ್ಣು ಎರಡೂ ಸರದಿಯಂತೆ ಸುಮಾರು ಐವತ್ತು ದಿನ ಕಾವು ಕೊಡುತ್ತವೆ, ಮರಿ ಹಾರಲು ಮತ್ತೆ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಆ ಮರಿ ತಾನು ಮೊಟ್ಟೆಯಿಡುವ ಹೊತ್ತಿಗೆ ಸುಮಾರು ಐದು ವರ್ಷ. ಅಪ್ಪ ಅಮ್ಮಂದಿರಲ್ಲಿ ಒಂದು ಹಕ್ಕಿ ಮೇಯಲು ಹೋದಲ್ಲಿ ಸತ್ತರೆ, ಗೂಡಿನಲ್ಲಿರುವ ಇನ್ನೊಂದು ಮರಿಯನ್ನು ಬಿಟ್ಟು ಆಹಾರಕ್ಕೆ ಹೋಗಲಾರದೆ, ಹೋಗದೆ ಇರಲೂ ಆಗದೆ ಮರಿಯೂ ಉಳಿಯುವುದಿಲ್ಲ. ಹಸು ಸತ್ತರೆ ಸಾಲ ಮಾಡಿಯಾದರೂ ಇನ್ನೊಂದನ್ನು ತರಬಹುದು. ಬೆಟ್ಟದ ಮೇಲೆ ಬೆರಳೆಣಿಕೆಯಷ್ಟು ಉಳಿದಿರುವಾಗ ಒಂದು ಜೋಡಿ ಹೋದರೆ ಅದರ ಜಾಗಕ್ಕೆ ತರಲು ಎಲ್ಲಿಯೂ ಸಂತೆಯಿಲ್ಲ.

ನಿಮ್ಮ ಅಕ್ಕಪಕ್ಕದವರ ಮಾತುಗಳಿಗೆ ಬರುತ್ತೇನೆ. ರಣಹದ್ದು ರೋಗ ಹರಡುತ್ತದೆ ಎಂಬುದು ಸರಿಯಲ್ಲ. ಅದರ ಹೊಟ್ಟೆಯ ಆಮ್ಲ ಬಹಳ ತೀಕ್ಷ್ಣವಾದದ್ದು, ಕೊಳೆತ ಮಾಂಸದಲ್ಲಿರುವ ಹೆಚ್ಚಿನ ರೋಗಾಣುಗಳು ಅಲ್ಲೇ ನಾಶವಾಗುತ್ತವೆ. ತಲೆ ಕತ್ತುಗಳಲ್ಲಿ ಗರಿ ಹೆಚ್ಚಿಲ್ಲದಿರುವುದರಿಂದ ರಕ್ತ ಮಾಂಸ ಅಲ್ಲಿ ಅಂಟಿ ಉಳಿಯುವುದೂ ಕಡಿಮೆ, ಉಂಡ ಮೇಲೆ ನೀರು ಕಂಡರೆ ಈ ಹಕ್ಕಿ ಸ್ನಾನ ಮಾಡುತ್ತದೆ. ಅದು ಕರುಗಳನ್ನು ಎತ್ತಿಕೊಂಡು ಹೋಗುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ. ಹದ್ದು ಕೋಳಿಮರಿಯನ್ನು ಹಿಡಿದೊಯ್ಯುವುದನ್ನು ಕಂಡವರು ಅದೇ ಗುಣವನ್ನು ರಣಹದ್ದಿಗೂ ಅಂಟಿಸಿದ್ದಾರೆ. ರಣಹದ್ದಿನ ಕಾಲು ನಡೆಯಲು, ನಿಲ್ಲಲು ಮಾಡಿದ್ದು. ಬೇಟೆ ಹಿಡಿದು ಎತ್ತುವ ಬಲವಾದ ಉಗುರಿನ ಹಿಡಿತ ಅದಕ್ಕಿಲ್ಲ.

ಅಪಶಕುನದ ವಿಷಯದಲ್ಲಿ ಯಾರ ನಂಬಿಕೆಯನ್ನೂ ಕೆಣಕುವುದು ನನ್ನ ಉದ್ದೇಶವಲ್ಲ. ಸಾವಿದ್ದಲ್ಲಿಗೆ ಬರುವ ಹಕ್ಕಿಯನ್ನು ಸಾವಿನ ಹಕ್ಕಿಯೆಂದು ಜನ ಕರೆದದ್ದು ಸಹಜ. ಆದರೆ ಸೀತೆಯನ್ನು ಹೊತ್ತೊಯ್ಯುವಾಗ ರಾವಣನನ್ನು ತಡೆದು ರೆಕ್ಕೆ ಕಡಿಸಿಕೊಂಡ ಜಟಾಯುವಿಗೆ ರಾಮನೇ ಮಗನಂತೆ ನಿಂತು ಸಂಸ್ಕಾರ ಮಾಡಿದ ಕಥೆಯನ್ನು ಹೇಳುವವರೂ ನಾವೇ, ರಾಮನ ಹೆಸರಿನ ಬೆಟ್ಟದ ಮೇಲೆಯೇ ಈ ಹಕ್ಕಿಗಳು ಉಳಿದುಕೊಂಡಿರುವುದು. ಮನೆಯ ಮೇಲೆ ಕೂರುವ ಪ್ರಶ್ನೆ ಹೇಗೂ ಬಾರದು. ಬಂಡೆಯ ಸಂದುಗಳನ್ನು ಬಿಟ್ಟು ನಿಮ್ಮ ಹೆಂಚಿನ ಮೇಲೆ ಕೂರುವ ಅಭ್ಯಾಸ ಇದಕ್ಕಿಲ್ಲ. ಊರಿನವರು ನೋಡಿರುವುದು ಬಹುಶಃ ಸಾಮಾನ್ಯ ಹದ್ದನ್ನು.

ಇದಕ್ಕಿಂತ ಅಪಾಯದ ತಪ್ಪು ತಿಳಿವಳಿಕೆ ಒಂದಿದೆ, ಅದು ಓದಿದವರಲ್ಲೂ ಇದೆ: ಬೆಟ್ಟವನ್ನು ವನ್ಯಧಾಮ ಮಾಡಿದ್ದಾರಲ್ಲ, ಇನ್ನು ಹಕ್ಕಿಗಳಿಗೆ ಭಯವಿಲ್ಲ ಎಂಬುದು. 2012ರಲ್ಲಿ ರಾಮದೇವರಬೆಟ್ಟದ 346 ಹೆಕ್ಟೇರ್‌ನಷ್ಟು ಜಾಗವನ್ನು ರಣಹದ್ದು ವನ್ಯಧಾಮವೆಂದು ಘೋಷಿಸಿದ್ದು ಬಹಳ ಒಳ್ಳೆಯ ಕೆಲಸ. ಗೂಡಿನ ಬಂಡೆಗಳ ಬಳಿ ಗಣಿಗಾರಿಕೆ, ಬಂಡೆ ಹತ್ತುವ ಗದ್ದಲ ತಪ್ಪಿದ್ದು ಅದರಿಂದ. ಆದರೆ ರಣಹದ್ದು ಬೆಳಗ್ಗೆ ಹೊರಟರೆ ಒಂದೇ ದಿನದಲ್ಲಿ ನೂರು ಕಿಲೋಮೀಟರ್‌ಗೂ ಹೆಚ್ಚು ಸುತ್ತಬಲ್ಲದು. ಅದು ಮಲಗುವುದಷ್ಟೇ ವನ್ಯಧಾಮದಲ್ಲಿ, ಉಣ್ಣುವುದು ನಿಮ್ಮ ನಮ್ಮ ಊರುಗಳ ಸುತ್ತ. ಮಲಗುವ ಮನೆಗೆ ಕಾವಲಿಟ್ಟು ಊಟದಲ್ಲಿ ವಿಷವಿದ್ದರೆ ಏನು ಬಂತು?

ಹಾಗಾದರೆ ನೋವಿನ ಮದ್ದನ್ನೇ ಕೊಡಬಾರದೇ? ಖಂಡಿತ ಕೊಡಬಹುದು, ಕೊಡಬೇಕು ಕೂಡ. ಕೆಚ್ಚಲು ಬಾವಿನಿಂದ ನರಳುವ ಹಸುವನ್ನು ಹಕ್ಕಿಯ ಹೆಸರಿನಲ್ಲಿ ನರಳಲು ಬಿಡಿ ಎಂದು ಯಾವ ಪಶುವೈದ್ಯನೂ ಹೇಳಲಾರ. ಮೆಲಾಕ್ಸಿಕ್ಯಾಮ್ ಎಂಬ ಔಷಧವನ್ನು ರಣಹದ್ದುಗಳ ಮೇಲೆ ಎಚ್ಚರಿಕೆಯಿಂದ ಪರೀಕ್ಷಿಸಿ, ಅವುಗಳಿಗೆ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡಿದ್ದಾರೆ. ಟಾಲ್ಫೆನಾಮಿಕ್ ಆಮ್ಲವೂ ನಂತರದ ಪರೀಕ್ಷೆಗಳಲ್ಲಿ ಸುರಕ್ಷಿತವೆಂದು ಕಂಡುಬಂದಿದೆ. ಎರಡೂ ದನಗಳ ಔಷಧವಾಗಿಯೇ ಅಂಗಡಿಗಳಲ್ಲಿ ಸಿಗುತ್ತವೆ. ಮೆಲಾಕ್ಸಿಕ್ಯಾಮ್ ಡೈಕ್ಲೋಫೆನಾಕ್‌ನಷ್ಟು ಚುರುಕಲ್ಲ ಎಂಬ ದೂರು ಹಳ್ಳಿಗಳಲ್ಲಿದೆ. ನನ್ನ ಅನುಭವದಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಈ ದೂರಿಗೆ ಕಾರಣ ಹಸುವಿನ ತೂಕಕ್ಕೆ ತಕ್ಕ ಪ್ರಮಾಣ ಕೊಡದಿರುವುದು ಅಥವಾ ಮೂಲ ರೋಗವನ್ನು ಬಿಟ್ಟು ನೋವನ್ನಷ್ಟೇ ಮರೆಸಲು ಹೋಗುವುದು. ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಬಾವು, ಜ್ವರ, ಕುಂಟು ಎಲ್ಲದಕ್ಕೂ ಅದು ನನ್ನ ಕೈ ಬಿಟ್ಟಿಲ್ಲ.

ಬೇಡವೆನ್ನಬೇಕಾದ ಹೆಸರುಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಡೈಕ್ಲೋಫೆನಾಕ್ ಅನ್ನು ದನಗಳಿಗೆ ಬಳಸುವುದಕ್ಕೆ ಸರ್ಕಾರ ತಡೆ ಹಾಕಿದ್ದು 2006ರಲ್ಲಿ. ಆಗ ಮನುಷ್ಯರ ಔಷಧದ ದೊಡ್ಡ ಸೀಸೆಗಳನ್ನು ತಂದು ದನಗಳಿಗೆ ಚುಚ್ಚುವ ಕಳ್ಳದಾರಿ ಹುಟ್ಟಿತು. 2015ರಲ್ಲಿ ಸೀಸೆಯ ಗಾತ್ರವನ್ನು 3 ಮಿಲಿಲೀಟರ್‌ಗೆ ಇಳಿಸಿದ್ದು ಅದನ್ನು ಮುಚ್ಚಲೆಂದೇ. ನಿಮ್ಮ ಕೊಟ್ಟಿಗೆಯಲ್ಲಿ ಐದಾರು ಸೀಸೆ ಒಡೆಯಬೇಕಾಗಿ ಬಂದದ್ದು ಆ ನಿಯಮದ ಕಾರಣಕ್ಕೆ, ಆದರೂ ಒಡೆಯುವವರು ಒಡೆಯುತ್ತಿದ್ದಾರೆ. ಅಸೆಕ್ಲೋಫೆನಾಕ್ ಹಸುವಿನ ಮೈಯೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ, ಹೆಸರಷ್ಟೇ ಬೇರೆ. ಅದನ್ನೂ ಕೀಟೋಪ್ರೊಫೆನ್ ಅನ್ನೂ 2023ರ ಜುಲೈನಲ್ಲಿ, ನಿಮೆಸುಲೈಡ್ ಅನ್ನು 2024ರ ಡಿಸೆಂಬರ್ ಕೊನೆಯಲ್ಲಿ ಪಶುಚಿಕಿತ್ಸೆಯಿಂದ ನಿಷೇಧಿಸಲಾಯಿತು. ಫ್ಲುನಿಕ್ಸಿನ್ ಬಗ್ಗೆಯೂ ಕೆಟ್ಟ ಸುಳಿವುಗಳಿವೆ, ರಣಹದ್ದಿರುವ ಸೀಮೆಯಲ್ಲಿ ನಾನು ಅದನ್ನು ಬಳಸುವುದಿಲ್ಲ. ಎರಡು ಮೂರು ಮದ್ದು ಸೇರಿಸಿದ ಇಂಜೆಕ್ಷನ್‌ಗಳಲ್ಲಿ ಈ ಹೆಸರುಗಳು ಅಡಗಿ ಕೂತಿರುವುದುಂಟು. ಆದ್ದರಿಂದ ಸೂಜಿ ಚುಚ್ಚುವ ಮೊದಲು ಸೀಸೆಯನ್ನು ಕೈಗೆ ತೆಗೆದುಕೊಂಡು ಓದಿ ನೋಡುವ ಹಕ್ಕು ಹಸುವಿನ ಯಜಮಾನರಾದ ನಿಮಗಿದೆ. ಡಾಕ್ಟರೇ ಬಂದಿರಲಿ, ಬೇರೆಯವರೇ ಬಂದಿರಲಿ, ಮೆಲಾಕ್ಸಿಕ್ಯಾಮ್ ಕೊಡಿ ಎಂದು ಕೇಳಲು ಸಂಕೋಚ ಬೇಡ. ಡಾಕ್ಟರು ಕೈಗೆ ಸಿಗದಿದ್ದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಿ. ಮಿಲ್ಕ್ ಫೀವರ್‌ನಂಥ ರೋಗದಲ್ಲಿ ಅರ್ಧ ರಾತ್ರಿ ಕಾಯುವುದೂ ದುಬಾರಿಯಾಗುತ್ತದೆ.

ಇನ್ನು ಸತ್ತ ದನವನ್ನು ಏನು ಮಾಡಬೇಕೆಂಬುದು. ಇದಕ್ಕೆ ಒಂದೇ ಉತ್ತರವಿಲ್ಲ, ಸಾವಿನ ಕಾರಣವನ್ನು ನೋಡಿ ನಿರ್ಧರಿಸಬೇಕು. ಸಾಯುವ ಹಿಂದಿನ ವಾರದಲ್ಲಿ ಯಾವುದೇ ನೋವಿನ ಇಂಜೆಕ್ಷನ್ ಕೊಟ್ಟಿದ್ದು, ಅದು ಮೆಲಾಕ್ಸಿಕ್ಯಾಮ್ ಅಥವಾ ಟಾಲ್ಫೆನಾಮಿಕ್ ಆಮ್ಲವೆಂದು ಖಚಿತವಿಲ್ಲದಿದ್ದರೆ ಹೂಳಿ. ಮದ್ದು ದೇಹದಿಂದ ಹೊರಹೋಗಲು ಅಷ್ಟು ದಿನ ಬೇಕಾಗಲಿಕ್ಕಿಲ್ಲ, ಮೊದಲ ಎರಡು ಮೂರು ದಿನಗಳೇ ಹೆಚ್ಚು ಅಪಾಯದವು, ಆದರೂ ಕಾಯಿಲೆಯ ದನದಲ್ಲಿ ಈಲಿ ಮತ್ತು ಮೂತ್ರಪಿಂಡಗಳು ನಿಧಾನಿಸುವುದರಿಂದ ನಾನು ಒಂದು ವಾರದ ಲೆಕ್ಕ ಹೇಳುತ್ತೇನೆ. ದಯಾಮರಣದ ಇಂಜೆಕ್ಷನ್ ಕೊಟ್ಟ ಪ್ರಾಣಿಯನ್ನೂ ಹೂಳಲೇಬೇಕು, ಆ ಮದ್ದು ತಿಂದ ಹಕ್ಕಿಯನ್ನೂ ಮಲಗಿಸುತ್ತದೆ. ದನ ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಅಂಥ ದನವನ್ನು ಕೊಯ್ಯಬೇಡಿ, ಚರ್ಮ ಸುಲಿಯಲು ಕೊಡಬೇಡಿ, ಪಶು ಆಸ್ಪತ್ರೆಗೆ ತಿಳಿಸಿ ಆಳವಾಗಿ ಸುಣ್ಣ ಹಾಕಿ ಹೂಳಿಸಿ. ಚರ್ಮಗಂಟು ರೋಗದಲ್ಲೂ ಹೂಳುವುದೇ ಕ್ರಮ. ಹೂಳುವಾಗ ಕನಿಷ್ಠ ಆರು ಅಡಿ ಆಳವಿರಲಿ, ಬಾವಿ ಕೆರೆಗಳಿಂದ ದೂರವಿರಲಿ. ಮೇಲುಮೇಲೆ ಮುಚ್ಚಿದ್ದನ್ನು ನಾಯಿಗಳು ರಾತ್ರಿಯೇ ಕೆದಕುತ್ತವೆ.

ಯಾವ ಮದ್ದನ್ನೂ ಪಡೆಯದೆ, ಸಾಂಕ್ರಾಮಿಕವಲ್ಲದ ಕಾರಣಕ್ಕೆ, ಅಂದರೆ ವಯಸ್ಸಾಗಿಯೋ, ಬಿದ್ದು ಕಾಲು ಮುರಿದೋ, ಹೆರಿಗೆಯಲ್ಲೋ ಸತ್ತ ದನವಾದರೆ ನಿಮ್ಮ ತಂದೆಯ ಆಸೆಗೆ ಅರ್ಥವಿದೆ. ಎಲ್ಲವನ್ನೂ ಹೂಳುತ್ತ ಹೋದರೆ ರಣಹದ್ದು ವಿಷವಿಲ್ಲದೆಯೂ ಹಸಿವಿನಿಂದ ಸಾಯುತ್ತದೆ, ರಾಮನಗರದ ಸೀಮೆಯಲ್ಲಿ ಆಹಾರದ ಕೊರತೆ ನಿಜವಾದ ಸಮಸ್ಯೆ. ಆದರೆ ನೀವಾಗಿಯೇ ಟ್ರ್ಯಾಕ್ಟರಿನಲ್ಲಿ ಸಾಗಿಸಿ ಕಂಡ ಜಾಗದಲ್ಲಿ ಎಸೆಯಬೇಡಿ. ರಸ್ತೆಯ ಬಳಿ ಹಾಕಿದರೆ ಇಳಿದ ಹಕ್ಕಿ ವಾಹನಕ್ಕೆ ಸಿಗುತ್ತದೆ, ವಿದ್ಯುತ್ ತಂತಿಯ ಕೆಳಗೆ ಹಾಕಿದರೆ ಭಾರವಾದ ರೆಕ್ಕೆ ಬಡಿದು ಏಳುವಾಗ ತಂತಿಗೆ ತಗುಲುತ್ತದೆ, ಊರಿನ ಹತ್ತಿರ ಹಾಕಿದರೆ ಬರುವುದು ನಾಯಿಗಳೇ ಹೊರತು ರಣಹದ್ದಲ್ಲ. ವನ್ಯಧಾಮದ ಅರಣ್ಯ ಸಿಬ್ಬಂದಿಗೆ ತಿಳಿಸಿ, ದನ ಯಾವ ಮದ್ದು ಪಡೆದಿತ್ತೆಂಬುದನ್ನು ಮುಚ್ಚಿಡದೆ ಹೇಳಿ, ಅವರು ತೋರಿಸಿದ ಜಾಗಕ್ಕೆ ಅವರ ಒಪ್ಪಿಗೆಯ ಮೇಲೆಯೇ ಕೊಡಿ. ಅವರು ಬೇಡವೆಂದರೆ ಒತ್ತಾಯಿಸಬೇಡಿ. ನೇಪಾಳದ ನವಲ್‌ಪರಾಸಿಯ ಪಿಠೌಲಿಯಲ್ಲಿ 2006ರಿಂದ ಊರಿನವರೇ ಸೇರಿ ನಡೆಸುತ್ತಿರುವ ಒಂದು ವ್ಯವಸ್ಥೆಯಿದೆ, ಅದಕ್ಕೆ ಅವರು ಜಟಾಯು ರೆಸ್ಟೋರೆಂಟ್ ಎಂದೇ ಹೆಸರಿಟ್ಟಿದ್ದಾರೆ. ಮುದಿ ಹಸುಗಳನ್ನು ತಂದು, ಅವುಗಳಿಗೆ ಅಪಾಯಕಾರಿ ಮದ್ದು ತಾಕದಂತೆ ಕೊನೆಯವರೆಗೆ ಸಾಕಿ, ತಾವಾಗಿಯೇ ಸತ್ತ ಮೇಲೆ ರಣಹದ್ದುಗಳಿಗೆ ಇಡುತ್ತಾರೆ. ನಮ್ಮ ಹಾಲು ಉತ್ಪಾದಕರ ಸಂಘಗಳು ಮನಸ್ಸು ಮಾಡಿದರೆ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಇಂಥದ್ದನ್ನು ಕಟ್ಟುವುದು ಅಸಾಧ್ಯವೇನಲ್ಲ. ಯಾವ ದನಕ್ಕೆ ಯಾವ ಮದ್ದು ಎಂಬ ಲೆಕ್ಕ ಇಡುವ ಒಬ್ಬರು ಊರಿಗೊಬ್ಬರಂತೆ ಸಿಗಬೇಕು, ಅದಿಲ್ಲದೆ ಆರಂಭಿಸಿದರೆ ಮಾತ್ರ ಅದು ಉಪಕಾರಕ್ಕಿಂತ ಅಪಕಾರವಾದೀತು.

ನೀವು ಕೇಳದ ಒಂದು ವಿಷಯವನ್ನು ಹೇಳದೆ ಇರಲಾರೆ. ನಿಮ್ಮ ಭಾಗದಲ್ಲಿ ಚಿರತೆಯ ಕಾಟವಿದೆ. ಕರು ಕಳೆದುಕೊಂಡ ಸಿಟ್ಟಿನಲ್ಲಿ ಉಳಿದ ಮಾಂಸಕ್ಕೆ ಕೀಟನಾಶಕ ಬೆರೆಸಿಟ್ಟರೆ ಚಿರತೆ ಬರುವುದು ರಾತ್ರಿ, ಅದಕ್ಕೂ ಮೊದಲು ಹಗಲಿನಲ್ಲಿ ಅಲ್ಲಿಗೆ ಇಳಿಯುವುದು ರಣಹದ್ದು. ಬೆರಳೆಣಿಕೆಯ ಹಕ್ಕಿಗಳಿರುವ ಬೆಟ್ಟವನ್ನು ಒಂದೇ ಮಧ್ಯಾಹ್ನದಲ್ಲಿ ಬರಿದು ಮಾಡಲು ಇಂಥ ಒಂದು ಕಳೇಬರ ಸಾಕು. ಕರು ಹೋದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು, ಊರಿನಲ್ಲಿ ಯಾರಾದರೂ ವಿಷದ ಮಾತೆತ್ತಿದರೆ ದಯವಿಟ್ಟು ಅದನ್ನು ನೆನಪಿಸಿ ತಡೆಯಿರಿ.

ರಣಹದ್ದು ಉಳಿದು ನಮಗೇನಾಗಬೇಕು ಎಂದು ಕೇಳುವವರಿಗೆ ನಾನು ನಾಯಿಗಳನ್ನು ತೋರಿಸುತ್ತೇನೆ. ರಣಹದ್ದು ಹೋದ ಮೇಲೆ ಕಳೇಬರಗಳು ನಾಯಿ, ಇಲಿಗಳ ಪಾಲಾದವು, ನಾಯಿಗಳ ಜೊತೆ ರೇಬೀಸ್ ಭಯವೂ ಹೆಚ್ಚಿತು, ಕೊಳೆತದ್ದು ನೀರಿಗೆ ಸೇರಿತು. ರಣಹದ್ದುಗಳು ಹೆಚ್ಚಿದ್ದ ಜಿಲ್ಲೆಗಳಲ್ಲಿ ಅವು ಕಣ್ಮರೆಯಾದ ಮೇಲೆ ಮನುಷ್ಯರ ಸಾವಿನ ಪ್ರಮಾಣ ಏರಿದ್ದನ್ನು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಅಧ್ಯಯನವೊಂದು ತೋರಿಸಿತು. 2000ರಿಂದ 2005ರ ನಡುವೆ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳೆಂದು ಅದರ ಅಂದಾಜು. ರೇಬೀಸ್ ತಗುಲಿದ ಹಸುವಿನ ಬಾಯಿಗೆ ಅರಿಯದೆ ಕೈ ಹಾಕಿ, ಆಮೇಲೆ ಮನೆಯವರೆಲ್ಲ ಲಸಿಕೆಗೆ ಓಡಿದ್ದನ್ನು ಕಂಡ ನನಗೆ ಆ ಅಂಕಿ ಬರೀ ಅಂಕಿಯಾಗಿ ಕಾಣುವುದಿಲ್ಲ.

ಎಂದಾದರೂ ನೆಲಕ್ಕೆ ಬಿದ್ದ, ಕತ್ತು ಜೋಲಿಸಿ ಕೂತ ರಣಹದ್ದು ಕಂಡರೆ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ದಪ್ಪ ಗೋಣಿಯನ್ನು ಮೇಲಿನಿಂದ ಮುಚ್ಚಿ, ಕತ್ತಲಾದ, ಗಾಳಿಯಾಡುವ ದೊಡ್ಡ ಬುಟ್ಟಿಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಹೆದರಿದರೆ ಅದು ವಾಂತಿ ಮಾಡುತ್ತದೆ, ಗಾಬರಿಯಾಗಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಹಕ್ಕಿಯಾದ್ದರಿಂದ ಮನೆಯಲ್ಲಿಟ್ಟು ಸಾಕುವಂತಿಲ್ಲ.

ನಿಮ್ಮ ಮಗನನ್ನು ಒಂದು ದಿನ ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋಗಿ. ಚಳಿಗಾಲ ಒಳ್ಳೆಯದು, ಆಗ ಗೂಡಿನ ಕಾಲ. ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಬಂಡೆ ಕಾದು ಗಾಳಿ ಮೇಲೇಳಲು ಆರಂಭಿಸಿದಾಗ ಅವು ಹೊರಡುತ್ತವೆ. ಕಡಿದಾದ ಬಂಡೆಯ ಮೇಲೆ ಸುಣ್ಣ ಸುರಿದಂತೆ ಬಿಳಿಯ ಗೆರೆಗಳಿದ್ದರೆ ಅದರ ಮೇಲ್ಭಾಗದ ಚಾಚನ್ನು ನೋಡಲಿ, ಗೂಡು ಅಲ್ಲಿರುತ್ತದೆ. ಬಾಲ ಕವಲೊಡೆದಿದ್ದು, ಹಾರುವಾಗ ಅದನ್ನು ಆಚೀಚೆ ತಿರುಗಿಸುತ್ತಿದ್ದರೆ ಅದು ಸಾಮಾನ್ಯ ಹದ್ದು. ರಣಹದ್ದಿನ ಬಾಲ ಗಿಡ್ಡ, ರೆಕ್ಕೆಗಳು ಹಲಗೆಯಂತೆ ಅಗಲ, ತುದಿಯಲ್ಲಿ ಗರಿಗಳು ಬೆರಳುಗಳಂತೆ ಬಿಡಿಬಿಡಿಯಾಗಿರುತ್ತವೆ. ಒಮ್ಮೆ ಮೇಲೇರಿದ ಮೇಲೆ ರೆಕ್ಕೆ ಬಡಿಯುವುದೇ ಅಪರೂಪ. ಬೈನಾಕ್ಯುಲರ್ ಇಲ್ಲದಿದ್ದರೂ ತೊಂದರೆಯಿಲ್ಲ, ಎರಡು ಮೀಟರ್ ಅಗಲದ ರೆಕ್ಕೆ ಬರಿಗಣ್ಣಿಗೂ ಕಾಣುತ್ತದೆ.